ಅಮ್ಮನ ಶುಗರ್ ಬರೆದ ಕ್ಯಾಲೆಂಡರ್

ಕಾಪುವಿನ ನಮ್ಮ ಮನೆಯಲ್ಲಿ ಅಮ್ಮನ ಬೆರಳು ಚುಚ್ಚಿ ಶುಗರ್ ನೋಡುವ ಕೆಲಸ ನನ್ನದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಮೊದಲೆಲ್ಲ ಅಂಕಿ ಏರಿದ ದಿನ ನಾನು ಪೊಲೀಸನಾಗುತ್ತಿದ್ದೆ. ಬೆಲ್ಲದ ಡಬ್ಬಿ ತೆರೆದು ನೋಡುತ್ತಿದ್ದೆ, ಗೊನೆಯಲ್ಲಿ ಉಳಿದ ಬಾಳೆಹಣ್ಣು ಎಣಿಸುತ್ತಿದ್ದೆ.

"ನಿನ್ನೆ ಕದ್ದು ಎಂತ ತಿಂದದ್ದು?"

"ಎಂತದೂ ಇಲ್ಲ ಮಾರಾಯ," ಎನ್ನುತ್ತಿದ್ದಳು ಅಮ್ಮ. ನಾನು ನಂಬುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಮೀನುಗಾರಿಕೆಗೆ ರಜೆ ಬಿದ್ದು, ಬೋಟಿಗೆ ಹೋಗುವ ತಮ್ಮ ಎರಡು ತಿಂಗಳು ಮನೆಯಲ್ಲೇ ಇದ್ದ. ಅಮ್ಮ ಅವನಿಗೆಂದು ಬೆಲ್ಲ ಹಾಕಿ, ಬಾಳೆ ಎಲೆಯಲ್ಲಿ ಸುತ್ತಿ ಹಲಸಿನ ಹಣ್ಣಿನ ಗಟ್ಟಿ ಬೇಯಿಸಿ, ನನ್ನ ಎದುರೇ ತಾನೂ ಎರಡು ತಿಂದಳು.

"ನಾಳೆ ಗೊತ್ತಾಗ್ತದೆ," ಎಂದೆ.

ಮರುದಿನದ ಅಂಕಿ ಆ ವರ್ಷದಲ್ಲೇ ಕಡಿಮೆಯದ್ದು. ಮೆಷಿನ್ ಕೆಟ್ಟಿದೆಯೆಂದು ಸಿಟ್ಟಿನಲ್ಲಿ ಉಡುಪಿಗೆ ಹೋಗಿ ಹೊಸದು ತಂದೆ. ಅದೂ ಹೆಚ್ಚುಕಡಿಮೆ ಅದನ್ನೇ ತೋರಿಸಿತು. ಆಮೇಲೆ ಕ್ಯಾಲೆಂಡರಿನ ಹಿಂದಿನ ಹಾಳೆಗಳನ್ನು ಮಗುಚಿ ನೋಡಿದೆ. ಅಂಕಿ ಏರಿದ್ದೆಲ್ಲ ತಮ್ಮ ಕಡಲಿನಲ್ಲಿದ್ದು, ಅವನ ಫೋನು ಸಿಗದ ದಿನಗಳಲ್ಲಿ.

ಆಗಸ್ಟಿನಲ್ಲಿ ಬೋಟು ಮತ್ತೆ ಹೊರಟಿತು. ಮೂರನೆಯ ದಿನ ಅಂಕಿ ಏರಿತು. ಎಲ್ಲ ಗೊತ್ತಿದ್ದೂ, ಹಳೆಯ ಅಭ್ಯಾಸ, ಕೇಳಿಬಿಟ್ಟೆ: "ಎಂತ ತಿಂದದ್ದಮ್ಮ?"

ಅಮ್ಮ ಚುಚ್ಚಿದ ಬೆರಳಿಗೆ ಹತ್ತಿ ಒತ್ತಿ ಹಿಡಿದಿದ್ದಳು. ನನ್ನ ಮುಖ ನೋಡದೆ ಹೇಳಿದಳು:

"ತಿನ್ನಲಿಕ್ಕೆ ಗಂಟಲಲ್ಲಿ ಇಳಿಯಬೇಕಲ್ಲ?"