ಜೂನ್ ಒಂದರ ಆಟಗಾರ

ದಶರಥನಿಗೆ ಕೂತಲ್ಲಿ ಕೂರುವುದು ಬಾರದು. ವಾಡಿ ಜಂಕ್ಷನ್ನಿನಲ್ಲಿ ರೈಲಿನ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕೆಲಸ. ಪಾಳಿ ಮುಗಿಸಿ ಮನೆಗೆ ಬಂದರೆ ಒಂದು ಕಪ್ ಚಹಾ ಮುಗಿಯುವುದರೊಳಗೆ ಮೂರು ಸಲ ಎದ್ದು ಬಾಗಿಲಿಗೆ ಹೋಗಿ ಬರುತ್ತಾನೆ. "ಚಾ ಕುಡೀರಿ, ಇಲ್ಲಾ ಅಡ್ಡಾಡ್ರಿ, ಎರಡರಾಗ ಒಂದು ಮಾಡ್ರಿ" ಎಂದು ಹೆಂಡತಿ ಪೂನಮ್ ಮೊದಮೊದಲು ಗದರುತ್ತಿದ್ದಳು, ಈಗ ಸಾಕಾಗಿ ಬಿಟ್ಟಿದ್ದಾಳೆ. ಸಂಜೆ ಐದಾಯಿತೆಂದರೆ ಕೊರಳಿಗೆ ಸೀಟಿ ಹಾಕಿಕೊಂಡು ಕಾಲೊನಿ ಹಿಂದಿನ ಮೈದಾನಕ್ಕೆ ಹೊರಟೇಬಿಟ್ಟ. ಅಲ್ಲಿ ಮೂವತ್ತು ಹುಡುಗರು ಕಾದಿರುತ್ತಾರೆ. ಹನ್ನೊಂದು ವರ್ಷದಿಂದ ಒಂದು ಪೈಸೆ ಮುಟ್ಟದೆ ಅವರಿಗೆ ಫುಟ್‌ಬಾಲ್ ಕಲಿಸುತ್ತಿದ್ದಾನೆ.

ಈ ಚಡಪಡಿಕೆ ಹುಟ್ಟಿನಿಂದ ಬಂದದ್ದಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಶಹಾಬಾದಿನ ಪಂದ್ಯಾವಳಿಯಲ್ಲಿ ಮೂರು ಪಂದ್ಯಕ್ಕೆ ಒಂಬತ್ತು ಗೋಲು ಹೊಡೆದಿದ್ದ ದಶರಥ. ದೊಡ್ಡವರು ಹೆಗಲ ಮೇಲೆ ಹೊತ್ತು ಸ್ಟೇಷನ್ನಿನವರೆಗೆ ಮೆರವಣಿಗೆ ಮಾಡಿದ್ದರು, ಪೇಪರಿನಲ್ಲಿ ಫೋಟೊ ಬಂದಿತ್ತು. ದೂರದ ಊರಿನ ಒಂದು ಸ್ಪೋರ್ಟ್ಸ್ ಹಾಸ್ಟೆಲ್ಲಿನವರು ಮನೆಗೇ ಬಂದು ಕರೆದುಕೊಂಡು ಹೋದರು. ಮೂರು ವರ್ಷವಾದ ಮೇಲೆ ಅದೇ ಹಾಸ್ಟೆಲ್ಲಿನವರು, ಹುಡುಗನ ಆಟದಲ್ಲಿ ಬೆಳವಣಿಗೆ ಇಲ್ಲ ಎಂದು ಚೀಟಿ ಬರೆದು ಗಾಡಿ ಹತ್ತಿಸಿ ಕಳಿಸಿದರು. ಮೊದಲ ವರ್ಷ ಇವನ ಹೆಗಲು ತಾಗಿದರೆ ಉರುಳಿ ಬೀಳುತ್ತಿದ್ದ ಹುಡುಗರು ಮೂರನೆಯ ವರ್ಷ ಇವನ ಕಾಲಿನಿಂದಲೇ ಚೆಂಡು ಕಸಿದುಕೊಂಡು ಓಡುತ್ತಿದ್ದರು.

ಎಲ್ಲಿ ಕೆಡಿಸಿಕೊಂಡೆ? ಇಪ್ಪತ್ತೈದು ವರ್ಷದಿಂದ ಅವನ ತಲೆಯಲ್ಲಿ ಇದೊಂದೇ. ದೀಪಾವಳಿಗೆಂದು ಮನೆಗೆ ಬಂದು ಎಂಟು ದಿನ ಹೆಚ್ಚಿಗೆ ಉಳಿದದ್ದು ತಪ್ಪಾಯಿತೆ? ಗೋಡೆ ಹಾರಿ ಎರಡು ಸಲ ಸಿನಿಮಾಕ್ಕೆ ಹೋದೆನಲ್ಲ, ಅದೆ? ಟೈಫಾಯಿಡ್ ಬಂದಾಗ ಗುಳಿಗೆ ಸರಿಯಾಗಿ ನುಂಗದೆ ಬಿಟ್ಟದ್ದೆ? ಗಾಡಿಗೆ ಹಳಿ ಬದಲಿಸಲು ಕಾಯುತ್ತ ನಿಂತಾಗಲೂ ಇದನ್ನೇ ಕೆದಕುತ್ತಿದ್ದ. ದೇವರು ಕೈಗೆ ಕೊಟ್ಟದ್ದನ್ನು ತಾನೇ ಚೆಲ್ಲಿಕೊಂಡೆ ಎಂಬ ಸಂಕಟ ಅವನದು. ಪಾಪ, ಯಾರ ಮುಂದೆಯೂ ಹೇಳಿಕೊಂಡವನಲ್ಲ.

ಹೀಗಿರುವಾಗ ಮೈದಾನಕ್ಕೆ ರತ್ನದೀಪ ಬಂದ. ಶಾಲೆಯ ದಾಖಲೆಯ ಪ್ರಕಾರ ಹನ್ನೆರಡು ವರ್ಷ. ಚೆಂಡು ಸಿಕ್ಕಿತೆಂದರೆ ಮುಗಿಯಿತು, ಇಬ್ಬರನ್ನು ದಬ್ಬಿ, ಮೂವರನ್ನು ಹಿಂದೆ ಹಾಕಿ ಗೋಲಿನ ಬಾಯಿಗೇ ಹೋಗಿ ನಿಲ್ಲುತ್ತಿದ್ದ. "ದಶರಥ, ನೀನೇ ಮತ್ತ ಹುಟ್ಟಿ ಬಂದಂಗ ಅದ ನೋಡು" ಎಂದು ಊರವರು ಹೇಳಿದಾಗ ಅವನಿಗೆ ಎದೆ ಉಬ್ಬಿ ಬರುತ್ತಿತ್ತು. ಈ ಹುಡುಗನಾದರೂ ತನ್ನಂತೆ ಹಾಳಾಗಬಾರದು! ಅದೇ ಸ್ಪೋರ್ಟ್ಸ್ ಹಾಸ್ಟೆಲ್ಲಿನಿಂದ ಕಾಗದ ಬಂದಿತ್ತು. ಹದಿಮೂರರೊಳಗಿನ ಒಬ್ಬ ಹುಡುಗನ ಹೆಸರನ್ನು ಶನಿವಾರದೊಳಗೆ ಕಳಿಸಬೇಕು. ಆಯ್ಕೆಯಾದರೆ ಓದು, ಎರಡು ಹೊತ್ತು ಹಾಲು, ದಿನಾ ಮೊಟ್ಟೆ, ಬೂಟು, ಎಲ್ಲವೂ ಅವರದೇ. ಕಾಗದದ ಕೊನೆಯಲ್ಲಿ ಒಂದು ಸಾಲು ಹೊಸದಿತ್ತು: ವಯಸ್ಸಿನ ಪರೀಕ್ಷೆಗಾಗಿ ಮಣಿಕಟ್ಟಿನ ಎಕ್ಸ್‌ರೇ ತೆಗೆಯಲಾಗುವುದು.

ಬುಧವಾರ ಮಧ್ಯಾಹ್ನ ರತ್ನದೀಪನ ತಾಯಿ ನೀಲಾಬಾಯಿ ದಶರಥನ ಮನೆಗೆ ಬಂದಳು. ಕಲ್ಲು ಪಾಲಿಶ್ ಮಾಡುವಲ್ಲಿ ಕೂಲಿ ಅವಳಿಗೆ. ತಲೆಗೂದಲಿನ ಮೇಲೂ ಬಿಳಿ ಹುಡಿ. ಹೊಸ್ತಿಲಲ್ಲೇ ನಿಂತು ಸೆರಗಿನ ತುದಿ ತಿರುವಿದಳು.

"ಸರ, ಕೈ ಫೋಟೊ ತಗೀತಾರಂತಲ್ರಿ. ಅದರಾಗ ವಯಸ್ಸು ಗೊತ್ತಾಗ್ತದೇನ್ರಿ?"

"ಗೊತ್ತಾಗ್ತದವ್ವ. ಯಾಕ?"

"ಏನಿಲ್ರಿ... ನಿಮ್ಮ ಕಡೆ ಆಟ ಕಲಿಯೋ ಆ ಚನ್ನು ಅದಾನಲ್ರಿ, ಸಣ್ಣ ಹುಡುಗ. ಅವನ ಕೈದು ಫೋಟೊ ತಗಸಿ ಇವನ ಹೆಸರು ಬರದ್ರ ನಡೀತದೇನ್ರಿ?"

ದಶರಥನಿಗೆ ನಗು ಬಂತು, ಮರುಕ್ಷಣವೇ ನಗು ನಿಂತಿತು. "ಖರೆ ಹೇಳು. ರತ್ನದೀಪಗ ಎಷ್ಟು?"

ನೀಲಾಬಾಯಿ ಕಣ್ಣು ಕೆಳಗೆ ಹಾಕಿದಳು. ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು ಗಂಡ ಹೆಂಡತಿ. ಹುಡುಗ ಅಲ್ಲೇ ಮರಳಿನ ರಾಶಿಯ ಮೇಲೆ ಆಡಿ ಬೆಳೆದ. ತಿರುಗಿ ಬರುವಷ್ಟರಲ್ಲಿ ಶಾಲೆಗೆ ಹಾಕುವ ವಯಸ್ಸು ದಾಟಿತ್ತು. ಮಾಸ್ತರರು ಎರಡು ವರ್ಷ ಕಡಿಮೆ ಮಾಡಿ, ಹುಟ್ಟಿದ ತಾರೀಖು ಜೂನ್ ಒಂದು ಎಂದು ಬರೆದುಕೊಂಡರು. "ಹದಿನಾಲ್ಕು ಮುಗೀತಾವ್ರಿ ಸರ" ಎಂದಳು.

ಮೂಲೆಯಲ್ಲಿ ದಶರಥನ ತಾಯಿ ಶಿವಕಾಂತಮ್ಮ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣು ಎತ್ತದೆ ಹೇಳಿದಳು:

"ಅದಕ್ಯಾಕ ಇಷ್ಟು ಅಂಜ್ತಿ ತಂಗಿ? ಇವನದೂ ಹಂಗೇ ಬರಸೀವಿ."

"ಯಾರದು?" ಎಂದ ದಶರಥ.

"ನಿಂದು. ಚಿತ್ತಾಪುರ ಕಡೆ ಕಲ್ಲಿನ ಖಣಿ ಕೆಲಸ ಮುಗಿಸಿ ಬಂದಾಗ ನಿನಗ ಎಂಟು ನಡದಿತ್ತು. ವಯಸ್ಸು ನೋಡ್ಲಿಕ್ಕ ತಲಿ ಮ್ಯಾಲಿಂದ ಕೈ ಹಾಕಿ ಆಚೀ ಕಿವಿ ಮುಟ್ಟು ಅಂದ ಮಾಸ್ತರ. ನೀ ಕಿವಿ ಏನು, ಗದ್ದ ಮುಟ್ಟಿದಿ! ಮಾಸ್ತರ ಬಿದ್ದು ಬಿದ್ದು ನಕ್ಕ. ಆರು ಅಂತ ಬರೀತೀನಿ, ನಾಳೆ ಸರ್ಕಾರಿ ನೌಕ್ರಿ ಸಿಕ್ರ ಎರಡು ವರ್ಷ ಜಾಸ್ತಿ ಮಾಡ್ತಾನ ಅಂದ. ಛಲೋನೇ ಆಯ್ತಲ್ಲ, ಸಿಕ್ತು."

"ಯವ್ವಾ, ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀ ಯಾವಾಗ ಕೇಳಿದಿ?"

ದಶರಥ ಎದ್ದ. ಚಪ್ಪಲಿ ಹಾಕಿಕೊಂಡನೋ ಇಲ್ಲವೋ ಅವನಿಗೇ ನೆನಪಿಲ್ಲ. ಹಳಿಯ ಪಕ್ಕದ ಕಾಲುದಾರಿ ಹಿಡಿದು ಸಿಮೆಂಟಿನ ಧೂಳು ಕುಳಿತ ಜಾಲಿಗಿಡಗಳ ನಡುವೆ ಸುಮ್ಮನೆ ನಡೆದ. ಹದಿಮೂರಲ್ಲ, ಆಗ ಹದಿನೈದು. ಮೀಸೆ ಚಿಗುರುತ್ತಿದ್ದ ಹುಡುಗನನ್ನು ಹಾಲುಗಲ್ಲದ ಹುಡುಗರ ನಡುವೆ ಬಿಟ್ಟಿದ್ದರು. ಒಂಬತ್ತು ಗೋಲು ಹೊಡೆದದ್ದು ದಶರಥನಲ್ಲ, ಆ ಎರಡು ವರ್ಷ. ಹಾಸ್ಟೆಲ್ಲಿನಲ್ಲಿ ಉಳಿದವರೆಲ್ಲ ಬೆಳೆದು ಅವನ ಎತ್ತರಕ್ಕೆ ಬಂದರು, ಅಷ್ಟೇ ಆದದ್ದು. ದೀಪಾವಳಿಯೂ ಕಾರಣವಲ್ಲ, ಸಿನಿಮಾವೂ ಅಲ್ಲ, ಟೈಫಾಯಿಡ್ಡೂ ಅಲ್ಲ.

ಮೊದಲು ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಾನು ಏನನ್ನೂ ಹಾಳುಮಾಡಿಕೊಂಡಿಲ್ಲ! ಸೇಡಂ ರಸ್ತೆಯ ಗೇಟಿನವರೆಗೂ ಅದೇ ಹಗುರದಲ್ಲಿ ನಡೆದ. ಅಲ್ಲಿಂದ ತಿರುಗಿ ಬರುವಾಗ ಇನ್ನೊಂದು ವಿಚಾರ ತಲೆಗೆ ಹೊಕ್ಕಿತು. ಕಳೆದುಕೊಂಡವನಿಗೆ ಒಂದಾನೊಂದು ಕಾಲದಲ್ಲಿ ಇತ್ತು ಎಂಬ ಸಮಾಧಾನವಾದರೂ ಇರುತ್ತದೆ. ಇವನಿಗೆ ಈಗ ಅದೂ ಹೋಯಿತು. ಅವ್ವನ ಮೇಲೆ ಸಿಟ್ಟು ಬಂತು, ಸತ್ತು ಹೋದ ಮಾಸ್ತರರ ಮೇಲೆ ಸಿಟ್ಟು ಬಂತು, ಹೆಗಲ ಮೇಲೆ ಹೊತ್ತು ಕುಣಿದವರ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ಅವರಲ್ಲಿ ಅರ್ಧಕ್ಕರ್ಧ ಜನ ಈಗಲೂ ಚಹಾದಂಗಡಿಯ ಮುಂದೆ ಕೂತು ರತ್ನದೀಪನನ್ನು ಹೊಗಳುತ್ತಿದ್ದರು.

ಮರುದಿನ ಸಂಜೆ ಅವನು ರತ್ನದೀಪನನ್ನು ಕರೆದು, ಹದಿನೈದು ಹದಿನಾರರ ಹುಡುಗರು ಆಡುವ ದೊಡ್ಡ ಗುಂಪಿಗೆ ಹಾಕಿದ. ಶನಿವಾರ ಹಾಸ್ಟೆಲ್ಲಿಗೆ ಚನ್ನುವಿನ ಹೆಸರು ಕಳಿಸಿದ. ಚನ್ನುವಿಗೆ ನಿಜವಾಗಿಯೂ ಹನ್ನೆರಡೇ. ದಬ್ಬಿದರೆ ಬೀಳುತ್ತಾನೆ, ಅದಕ್ಕೇ ಯಾರೂ ಹತ್ತಿರ ಬರುವ ಮೊದಲೇ ಚೆಂಡನ್ನು ದಾಟಿಸುವುದು ಕಲಿತಿದ್ದ. ಅವನ ಆಟವಾದರೂ ಉಳಿಯುತ್ತದೆಯೋ ಇಲ್ಲವೋ, ಹೇಳಬಲ್ಲವರು ಯಾರು?

ಊರು ಸುಮ್ಮನಿರುತ್ತದೆಯೆ? ಚನ್ನುವಿನ ಅಪ್ಪನಿಂದ ದಶರಥ ಏನೋ ತಿಂದಿದ್ದಾನೆ ಎಂದರು. ತನ್ನ ಹೆಸರು ಮಾಸಿಹೋದೀತು ಎಂಬ ಹೊಟ್ಟೆಕಿಚ್ಚು ಎಂದರು. ನೀಲಾಬಾಯಿಯಂತೂ ಮೈದಾನಕ್ಕೇ ಬಂದು, "ಎರಡು ಹೊತ್ತು ಹಾಲಿತ್ರಿ ಸರ ನನ್ನ ಮಗಗ. ನಿಮ್ಮ ಬಾಯಾಗ ಒಂದು ಸುಳ್ಳು ಬರಲಿಲ್ಲೇನ್ರಿ?" ಎಂದು ಎಲ್ಲರ ಮುಂದೆ ಅತ್ತಳು. ತಾನು ಮಾಡಿದ್ದು ಸರಿಯೆಂದು ದಶರಥನಿಗೂ ಗಟ್ಟಿಯಾಗಿ ಅನಿಸಿರಲಿಲ್ಲ. ದೊಡ್ಡವರ ಗುಂಪಿನಲ್ಲಿ ರತ್ನದೀಪನ ಕಾಲಿಗೆ ಚೆಂಡೇ ನಿಲ್ಲುತ್ತಿರಲಿಲ್ಲ. ದಬ್ಬಲು ಹೋದರೆ ತಾನೇ ಬೀಳುತ್ತಿದ್ದ. ನಾಲ್ಕು ದಿನ ನೋಡಿದ, ಐದನೆಯ ದಿನ ಬರಲೇ ಇಲ್ಲ. ಆರನೆಯ ದಿನವೂ ಇಲ್ಲ.

ಏಳನೆಯ ದಿನ ದಶರಥ ಹುಡುಗರಿಗೆ ಆಡುತ್ತಿರಿ ಎಂದು ಹೇಳಿ ತಾನೇ ಅವನ ಮನೆಗೆ ಹೋದ. ರತ್ನದೀಪ ಹೊರಗೆ ಕಲ್ಲುಚಪ್ಪಡಿಗಳ ಮೇಲೆ ಮುಖ ಊದಿಸಿಕೊಂಡು ಕೂತಿದ್ದ. ನೀಲಾಬಾಯಿ ರೊಟ್ಟಿ ಬಡಿಯುತ್ತಿದ್ದಳು, ಕುಂದ್ರಿ ಅನ್ನಲಿಲ್ಲ.

"ಚನ್ನುಗಿಂತ ನಾ ಕಮ್ಮಿ ಏನ್ರಿ ಸರ?" ಎಂದ ಹುಡುಗ, ನೆಲ ನೋಡುತ್ತ.

ದಶರಥ ಅವನ ಪಕ್ಕ ಕೂತು ಎಲ್ಲವನ್ನೂ ಹೇಳಿದ. ಕಿವಿ ಮುಟ್ಟಿದ್ದು, ಮಾಸ್ತರರು ನಕ್ಕದ್ದು, ಒಂಬತ್ತು ಗೋಲು, ಗಾಡಿ ಹತ್ತಿಸಿ ಕಳಿಸಿದ್ದು. "ಸಣ್ಣ ಹುಡುಗರನ್ನ ದಬ್ಬಿ ಗೋಲ್ ಹೊಡದೆ. ಮಂದಿ ಚಪ್ಪಾಳಿ ಹೊಡದ್ರು. ದಬ್ಬಿದ್ರ ಸಾಕಾಗ್ತಿತ್ತು, ಅದಕ್ಕ ಬ್ಯಾರೇ ಏನೂ ಕಲೀಲಿಲ್ಲ. ನಿಂದೂ ಹಂಗೇ ನಡದಿತ್ತೋ."

ಹುಡುಗ ತಟ್ಟನೆ ತಲೆ ಎತ್ತಿದ. "ಹಂಗಾದ್ರ ನನಗ ಆಟ ಬರ್ತದೋ ಇಲ್ಲೋ? ಅಷ್ಟು ಹೇಳ್ರಿ."

"ಗೊತ್ತಿಲ್ಲ" ಎಂದ ದಶರಥ.

ರೊಟ್ಟಿ ಬಡಿಯುವ ಸದ್ದು ನಿಂತಿತು. "ಅಯ್ಯ, ಹುಡುಗಗ ಹಿಂಗ ಅಂತಾರೇನ್ರಿ! ಬರ್ತದ ಅಂದ್ರ ನಿಮ್ಮ ಗಂಟೇನು ಹೋಗ್ತದ?"

"ಬರ್ತದ ಅಂತ ನನಗ ಎಲ್ಲಾರೂ ಅಂದ್ರವ್ವ. ಒಬ್ಬರೂ ಬರಾಬರ್ ನೋಡಿ ಹೇಳಲಿಲ್ಲ" ಎಂದ ದಶರಥ. "ನನಗ ಆಟ ಬರ್ತಿತ್ತೋ ಇಲ್ಲೋ, ಇನ್ನ ಯಾರಿಗೂ ಗೊತ್ತಾಗಂಗಿಲ್ಲ. ನನಗೂ ಗೊತ್ತಾಗಂಗಿಲ್ಲ. ಇವಂದು ಗೊತ್ತಾಗ್ತದ. ಇವಗ ಇನ್ನಾ ಟೈಮ್ ಅದ."

ಇಷ್ಟು ಹೇಳಿ ಅವನು ಎದ್ದು, ಕಣ್ಣು ಒರೆಸಿಕೊಳ್ಳುತ್ತ ಮೈದಾನದ ಕಡೆ ನಡೆದ. ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಕಾಲೊನಿಯ ನೀರಿನ ಟಾಕಿ ದಾಟುವಾಗ ಹುಡುಗ ಓಡುತ್ತ ಬಂದು, ಒಂದು ಮಾತೂ ಆಡದೆ, ಅವನನ್ನು ಹಿಂದೆ ಹಾಕಿ ಮೈದಾನಕ್ಕೆ ಹೋದ.

ಆ ಸಂಜೆ ದೊಡ್ಡ ಹುಡುಗರು ರತ್ನದೀಪನ ಕಾಲಿನಿಂದ ಎಂಟು ಸಲ ಚೆಂಡು ಕಸಿದರು. ದಶರಥ ಗೆರೆಯುದ್ದಕ್ಕೂ ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತ ಎಣಿಸಿದ. ಒಂಬತ್ತನೆಯ ಸಲ ಹುಡುಗ ತಲೆ ಎತ್ತಿ ನೋಡಿದ. ಎದುರಿನವನು ಹತ್ತಿರ ಬರುವ ಮೊದಲೇ ಎಡಗಡೆ ಖಾಲಿ ನಿಂತಿದ್ದವನಿಗೆ ಚೆಂಡು ದಾಟಿಸಿದ. ಗೋಲೇನೂ ಆಗಲಿಲ್ಲ. ಯಾರೂ ಗಮನಿಸಲೂ ಇಲ್ಲ. ಚಪ್ಪಾಳೆ ತಟ್ಟಲು ಎದ್ದ ತನ್ನ ಕೈಗಳನ್ನು ದಶರಥ ಬಗಲಲ್ಲಿ ಒತ್ತಿ ಹಿಡಿದುಕೊಂಡ.

ಆಟ ಮುಗಿದ ಮೇಲೆ ರತ್ನದೀಪ ಮೊಣಕಾಲಿನ ಮಣ್ಣು ಕೊಡವುತ್ತ ಬಂದು ಎದುರು ನಿಂತ.

"ಇವತ್ತ ಗೊತ್ತಾಯ್ತೇನ್ರಿ ಸರ?"

"ಇಲ್ಲ" ಎಂದ ದಶರಥ. "ನಾಳೆ ಬಾ."