ಬಿಂದಿಗೆಯಲ್ಲಿ ಒಂದು ಬೀಜ ಹೆಚ್ಚು

ತಾಮ್ರದ ಬಿಂದಿಗೆಯೊಳಗೆ ಏನೋ ಬಿದ್ದ ಸದ್ದು. ತೀರ ಸಣ್ಣ ಸದ್ದು. ಆದರೆ ನಾಯಿಗಳೂ ಸುಮ್ಮನಾದ ಹೊತ್ತು ಅದು. ಅನಸೂಯ ಅವರಿಗೆ ಎಚ್ಚರವಾಗುತ್ತದೆ. ಅವರು ರಾತ್ರಿ ಉಳಿದಿರುವ ಅಂಗನವಾಡಿ ಕೋಣೆಯ ಕಿಟಕಿಗೆ ಸರಳುಗಳಷ್ಟೇ ಇವೆ, ಕದವಿಲ್ಲ. ಕಿಟಕಿಯ ಕಟ್ಟೆಯ ಮೇಲೆ ನಾಳಿನ ಸಭೆಗೆಂದು ಬೆಳಗಿಟ್ಟ ಬಿಂದಿಗೆ. ಸರಳುಗಳ ನಡುವೆ ಒಳಗೆ ಬಂದಿದ್ದ ಕೈಯೊಂದು ಹಿಂದಕ್ಕೆ ಸರಿಯುತ್ತಿದೆ. ಬಳೆ ಸದ್ದಾಗಬಾರದೆಂದು ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದೆ. ಸಂಜೆಯಷ್ಟೇ ಆ ಅಂಗೈಯನ್ನು ಹಿಡಿದು ಮಾತಾಡಿಸಿ ಬಂದಿದ್ದ ಅನಸೂಯ ಅವರಿಗೆ ಕೈ ಯಾರದೆಂದು ಕೂಡಲೇ ಗೊತ್ತಾಗುತ್ತದೆ. ಅವರು ಕೂಗುವುದಿಲ್ಲ, ಏಳುವುದೂ ಇಲ್ಲ.

ಬೆಳಕು ಹರಿಯುವ ಮೊದಲೇ ಅಂಗಳ ಗುಡಿಸುತ್ತಾರೆ. ಎರಡು ಉದ್ದನೆಯ ಜಮಖಾನೆಗಳನ್ನು ಬಿಡಿಸಿ, ಎದುರುಬದುರು ಹಾಸುತ್ತಾರೆ. ಪಂಚಾಯತಿಯ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದೊಂದಾಗಿ ಹೊತ್ತು ಗೋಡೆಯ ಆಚೆಗಿಡುತ್ತಾರೆ. ಯಾಕೆಂದು ಕೇಳಿದವರಿಗೆ, "ಒಂದ ಕುರ್ಚಿ ಉಳದ್ರ ಸಾಕ್ರಿ, ಅದರ ಮ್ಯಾಲ ಯಾರರೆ ಗಂಡಸರು ಬಂದು ಕುಂದರ್ತಾರ. ಆಮ್ಯಾಲೆ ಹೆಣ್ಮಕ್ಕಳು ಬಾಯಿ ಬಿಡಂಗಿಲ್ಲ" ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಬಿಂದಿಗೆಯ ಹತ್ತಿರ ಬಂದು ಒಳಗೆ ಕೈ ಹಾಕುತ್ತಾರೆ. ತೆಗೆಯಬೇಕು. ಸಭೆ ಶುರುವಾಗುವ ಮೊದಲು ಬಿದ್ದದ್ದು ಲೆಕ್ಕಕ್ಕಿಲ್ಲ. ಬೆರಳಿಗೆ ಹುಣಸೆ ಬೀಜ ಸಿಗುತ್ತದೆ. ಅದನ್ನು ಅಲ್ಲೇ ಬಿಟ್ಟು, ಬರಿಗೈಯನ್ನು ಹೊರಗೆ ತೆಗೆಯುತ್ತಾರೆ.

ಈ ಊರು ನಾಸಿಕ್ ಜಿಲ್ಲೆಯದು, ಸಿನ್ನರ್‌ನಿಂದ ಬಸ್ಸಿನ ದಾರಿ. ಹೆಸರು ಇಲ್ಲಿ ಬೇಡ. ಮಹಾರಾಷ್ಟ್ರದಲ್ಲಿ ಗ್ರಾಮಸಭೆಗೆ ಮೊದಲು ಮಹಿಳೆಯರದೇ ಸಭೆ ಆಗಬೇಕೆಂಬ ನಿಯಮವಿದೆ. ಎಷ್ಟೋ ಊರುಗಳಲ್ಲಿ ಅದು ಕಾಗದದ ಮೇಲೆ ನಡೆದುಹೋಗುತ್ತದೆ. ಅದನ್ನು ಜಮಖಾನೆಯ ಮೇಲೆ ನಡೆಸುವುದು ಅನಸೂಯ ಅವರ ಉದ್ಯೋಗ. ಅವರ ಸಂಸ್ಥೆಯ ಕಚೇರಿ ಛತ್ರಪತಿ ಸಂಭಾಜಿನಗರದಲ್ಲಿದೆ. ಸಂಸ್ಥೆ ಯುರೋಪಿನ ಒಂದು ದೇಶದ ನೆರವಿನಿಂದ ನಡೆಯುತ್ತದೆ. ಅಲ್ಲಿನ ವರದಿಗಳಲ್ಲಿ 'ಎಲ್ಲರನ್ನೂ ಒಳಗೊಂಡ ಸ್ಥಳೀಯ ಆಡಳಿತ' ಎಂಬ ಮಾತು ಬರುತ್ತದೆ. ಅನಸೂಯ ಅವರ ಹೆಸರು ಬರುವುದಿಲ್ಲ.

ಅವರು ಜಮಖಂಡಿಯ ಕಡೆಯವರು. ಪತಿ ಸುಧಾಕರ ಇದೇ ಜಿಲ್ಲೆಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞರು. ಮದುವೆಯಾಗಿ ಬಂದಾಗ ಅನಸೂಯ ಅವರಿಗೆ ಮರಾಠಿ ಬರುತ್ತಿರಲಿಲ್ಲ. ನಲ್ಲಿಯ ಸರತಿಯಲ್ಲಿ ಜಗಳವಾಡುತ್ತಾ ಕಲಿತದ್ದು. ಮಗಳು ಪೂಜಿತಾ ಈಗಲೂ ನಗುತ್ತಾಳೆ: "ಆಯೀ, ನಿನ್ನ ಮರಾಠಿ ಕೇಳಿದ್ರ ಭಾಂಡಣ ಮಾಡ್ಲಿಕತ್ತೀ ಅನಸ್ತದ." ಜಗಳದ ಆ ಮರಾಠಿಯೇ ಹಳ್ಳಿಯಲ್ಲಿ ಕೆಲಸಕ್ಕೆ ಬಂತು. ಎಲ್ಲರಿಗೂ ಅವರು ಈಗ 'ತಾಈ', ಅಂದರೆ ಅಕ್ಕ.

ಸಭೆಗೆ ಕರೆಯುವ ರೀತಿಯೂ ಅವರದೇ. ಮದುವೆಗೆ ಅಕ್ಷತೆ ಕೊಟ್ಟು ಕರೆಯುವ ಹಾಗೆ, ಹಿಂದಿನ ಸಂಜೆ ಮನೆಮನೆಗೂ ಹೋಗಿ ಪ್ರತಿ ಹೆಂಗಸಿನ ಅಂಗೈಯಲ್ಲಿ ಒಂದು ಹುಣಸೆ ಬೀಜ, ಒಂದು ಮೆಕ್ಕೆಜೋಳದ ಕಾಳು ಇಡುತ್ತಾರೆ. ಹುಣಸೆ ಎಂದರೆ ಹೌದು, ಜೋಳ ಎಂದರೆ ಬೇಡ. ಮರುದಿನ ಮುಷ್ಟಿ ಮುಚ್ಚಿಕೊಂಡು ಬಂದು ಎರಡರಲ್ಲಿ ಒಂದನ್ನು ಬಿಂದಿಗೆಗೆ ಬಿಡಬೇಕು. ಮೇಲಿನ ಕೇರಿ, ಕೆಳಗಿನ ಕೇರಿ ಎಂದಿಲ್ಲ; ವಿಧವೆಯರ ಮನೆಯನ್ನೂ ಬಿಡುವುದಿಲ್ಲ. "ಕರಿಯಾಕ ಬಂದವರಿಗೆ ಬ್ಯಾಡ ಅಂತ ಯಾರೂ ಕದ ಹಾಕಂಗಿಲ್ರಿ. ಕಳಸೂದು ಬಿಡೂದು ಆಮ್ಯಾಲಿನ ಮಾತು."

ಮೊದಲು ಹೀಗಿರಲಿಲ್ಲ. ಕೈ ಎತ್ತಿಸುತ್ತಿದ್ದರು. ಇನ್ನೊಂದು ಊರಿನಲ್ಲಿ ಕೈ ಎತ್ತಿದ ಹೆಂಗಸರ ಫೋಟೊವನ್ನು ಕಚೇರಿಯವರು ವರದಿಗೆಂದು ತೆಗೆದರು. ಚೆಂದದ ಫೋಟೊ, ಕಡಲಾಚೆ ಹೋಯಿತು, ಅಲ್ಲಿಯವರು ಮೆಚ್ಚಿ ಹಂಚಿಕೊಂಡರು, ಅದು ವಾಟ್ಸಾಪಿನಲ್ಲಿ ತಿರುಗಿ ಅದೇ ಊರಿಗೆ ಬಂತು. ಮಾವನ ಮಾತಿಗೆ ವಿರುದ್ಧವಾಗಿ ಕೈ ಎತ್ತಿದ್ದ ಒಬ್ಬ ಸೊಸೆಯನ್ನು ತವರಿಗೆ ಅಟ್ಟಿದರು. ಅವಳು ಇನ್ನೂ ಅಲ್ಲೇ ಇದ್ದಾಳೆ.

ಈ ಊರಿನ ಇಂದಿನ ಮಾತು ಒಂದು ಬೇಲಿಯದು. ಕೆಳಗಿನ ಕೇರಿಯವರು ಬಾವಿಗೆ ಹೋಗುವ ಹಳೆಯ ದಾರಿಗೆ ಮುಳ್ಳುತಂತಿ ಬಿದ್ದಿದೆ. ಈಗ ಗುಡ್ಡ ಸುತ್ತಿ ನೀರು ತರಬೇಕು. ದಾರಿ ಬಿಡಿಸಬೇಕೆಂದು ಮಹಿಳೆಯರ ಸಭೆ ಠರಾವು ಮಾಡಿದರೆ ಗ್ರಾಮಸಭೆ ಅದನ್ನು ಎತ್ತಿಕೊಳ್ಳಲೇಬೇಕಾಗುತ್ತದೆ. ಬೇಲಿ ಹಾಕಿಸಿದವರ ಕಡೆಯ ಕೆಲವು ಮನೆಗಳಲ್ಲಿ ಹೆಂಗಸರು ಹೊಸ್ತಿಲು ದಾಟಬಾರದೆಂದು ಹೇಳಿಯಾಗಿದೆ. ರಾತ್ರಿಯ ಕೈ ಅಂಥ ಮನೆಗಳಲ್ಲಿ ಒಂದರದು.

ಹತ್ತು ಗಂಟೆಗೆ ಸಂಭಾಜಿನಗರದಿಂದ ಜೀಪು ಬರುತ್ತದೆ. ಕಾರ್ಯಕ್ರಮಾಧಿಕಾರಿ ಉತ್ಕರ್ಷ, ಅವರ ಜೊತೆ ನೆರವು ಕೊಡುವ ದೇಶದ ಒಬ್ಬ ಮಹಿಳೆ. ಆಕೆ ಚಪ್ಪಲಿ ಕಳಚಿ ಜಮಖಾನೆಯ ಮೇಲೆ ಕೂರುತ್ತಾರೆ. ಕೆಳಗಿನ ಕೇರಿಯ ಮುದುಕಿ ಹೌಸಾಬಾಯಿ ಈ ಅತಿಥಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳುತ್ತಾಳೆ: "ಕಾಯ್ ಗ ಬಾಯಿ, ಏನವ್ವಾ, ನಿಮ್ಮೂರಾಗ ಅತ್ತಿ ಎದುರಿಗೆ ಸೊಸಿ ಮಾತಾಡ್ತಾಳ?" ಉತ್ಕರ್ಷ ಇಂಗ್ಲಿಷಿಗೆ ತಿರುಗಿಸುತ್ತಾರೆ. ಅತಿಥಿ ಯೋಚಿಸಿ, ತಮ್ಮ ಅತ್ತೆಯ ಎದುರು ತಮಗೂ ಭಯವೇ ಎನ್ನುತ್ತಾರೆ. "ಹಂಗಾದ್ರ ಇಷ್ಟ ದೂರ ಯಾಕ ಬಂದೀ? ಮದಲ ಆಕಿಗೆ ಬೀಜ ಕೊಡು!" ಎಂದು ಹೌಸಾಬಾಯಿ ಹೇಳಿದಾಗ ಇಡೀ ಅಂಗಳ ನಗುತ್ತದೆ. ಗೋಡೆಯ ಆಚೆ ಬಂದು ನಿಂತ ಗಂಡಸರು ಮಾತ್ರ ನಗುವುದಿಲ್ಲ.

ಒಬ್ಬೊಬ್ಬರೇ ಎದ್ದು ಬಿಂದಿಗೆಯ ಹತ್ತಿರ ಬರುತ್ತಾರೆ. ಮುಷ್ಟಿ ಒಳಗೆ ಹೋಗುತ್ತದೆ, ಬರುತ್ತದೆ. ಬೇರೆ ದಿನ ಯಾರೂ ತಲೆ ಎಣಿಸುವುದಿಲ್ಲ. ಅದೇ ಧೈರ್ಯದಿಂದ ಅನಸೂಯ ಬೆಳಿಗ್ಗೆ ಬರಿಗೈ ತೆಗೆದದ್ದು. ಇಂದು ಅತಿಥಿ ಇದ್ದಾರೆಂದು, ಠರಾವು ಬರೆಯಲು ಬಂದ ಪಂಚಾಯತಿಯ ಗ್ರಾಮಸೇವಕರು ಎಣಿಸಿದ್ದಾರೆ. ಹೆಂಗಸರು ಮೂವತ್ತೇಳು. ಬಿಂದಿಗೆಯನ್ನು ಬೋರಲು ಹಾಕಿದರೆ ಬೀಜ, ಕಾಳು ಸೇರಿ ಮೂವತ್ತೆಂಟು.

"ಒಂದು ಜಾಸ್ತಿ" ಎನ್ನುತ್ತಾರೆ ಗ್ರಾಮಸೇವಕರು. ಮತ್ತೊಮ್ಮೆ ಎಣಿಸುತ್ತಾರೆ. "ಇದು ನಡೆಯುವುದಿಲ್ಲ, ತಾಈ. ಬೀಜಗೀಜ ಸಾಕು. ಎಲ್ಲರೂ ಇಲ್ಲೇ ಕೈ ಎತ್ತಲಿ."

ಗೋಡೆಯ ಆಚೆ ಒಂದು ಮೊಬೈಲು ಮೇಲೇಳುತ್ತದೆ. ಮೇಲಿನ ಕೇರಿಯ ಇಬ್ಬರು ಸೆರಗು ಎಳೆದುಕೊಂಡು ಎದ್ದೇಬಿಡುತ್ತಾರೆ. ಕೈ ಎತ್ತಿಸಿದರೆ ಠರಾವು ಬಿತ್ತು. ಬೀಜ ಯಾರದೆಂದು ಹೇಳಿದರೆ ಒಬ್ಬ ಹೆಣ್ಣಿನ ಬದುಕು ಬಿತ್ತು. ಅನಸೂಯ ಅತಿಥಿಯ ಮುಖ ನೋಡುವುದಿಲ್ಲ, ಉತ್ಕರ್ಷ ಅವರ ಮುಖವನ್ನೂ ನೋಡುವುದಿಲ್ಲ.

"ಅದು ನಂದು" ಎನ್ನುತ್ತಾರೆ. "ನಾನ ಹಾಕೀನಿ. ತಪ್ಪಾತು."

ಬಗ್ಗಿ ಒಂದು ಹುಣಸೆ ಬೀಜವನ್ನು ಆರಿಸಿ ಆಚೆಗಿಡುತ್ತಾರೆ. ಉಳಿದದ್ದರಲ್ಲಿಯೂ ಹುಣಸೆಯೇ ಹೆಚ್ಚು. ಹೌಸಾಬಾಯಿ ಗ್ರಾಮಸೇವಕರ ಕಡೆ ಕೈ ಮಾಡುತ್ತಾಳೆ: "ಜಾಸ್ತಿ ಆಗಿದ್ದು ಹೋತಲ್ಲ? ಬರೀ ಈಗ, ಬರೀ! ಬಾವಿ ನೀರು ಬಿಸಿಲಿಗೆ ಬತ್ತೂತನಕ ಕಾಯಬ್ಯಾಡ." ಠರಾವು ಬರೆಯಲಾಗುತ್ತದೆ. ಮೊಬೈಲು ಕೆಳಗಿಳಿಯುತ್ತದೆ.

ಮುಂದಿನ ವಾರ ಸಂಭಾಜಿನಗರಕ್ಕೆ ಕರೆ. ಊರೂರಿಗೆ ಹೋಗಿ 'ನಡೆಸುವವರು ಮತ ಹಾಕಬಾರದು' ಎಂದು ಹೇಳಿಕೊಡುತ್ತಿದ್ದವರೇ ಮತ ಹಾಕಿದರೆಂದು ಕಡತದಲ್ಲಿ ಬರೆದಾಗಿದೆ. ವರ್ಷದ ಕೊನೆಯವರೆಗೆ ಅವರು ಬಿಂದಿಗೆ ಮುಟ್ಟುವಂತಿಲ್ಲ. ಜಮಖಾನೆ ಹಾಸಬಹುದು, ಮನೆಮನೆಗೆ ಹೋಗಿ ಕರೆಯಬಹುದು. ಚಹಾದ ಹೊತ್ತಿಗೆ ಉತ್ಕರ್ಷ ಹತ್ತಿರ ಬಂದು ದನಿ ತಗ್ಗಿಸುತ್ತಾರೆ. "ತಾಈ, ನೀವು ಹಾಕಿಲ್ಲ ಅಂತ ನನಗೆ ಗೊತ್ತು. ಯಾರು ಅಂತ ಹೇಳಿ. ಹೆಸರು ಬದಲಾಯಿಸಿ ಪತ್ರಿಕೆಗೆ ಬರೆಯೋಣ. ಎಂಥ ಕಥೆ ಆಗುತ್ತೆ, ನಿಮ್ಮ ಹೆಸರೂ ಉಳಿಯುತ್ತೆ." ಒಳ್ಳೆಯ ಹುಡುಗ, ಮನಸ್ಸಿನಿಂದಲೇ ಕೇಳುತ್ತಿದ್ದಾರೆ. ಅನಸೂಯ ಲೋಟ ತೊಳೆದಿಟ್ಟು ಬಸ್ ನಿಲ್ದಾಣಕ್ಕೆ ನಡೆಯುತ್ತಾರೆ.

ಬಾವಿಯ ದಾರಿ ಇನ್ನೂ ಪೂರ್ತಿ ಬಿಟ್ಟಿಲ್ಲ. ತಂತಿಯ ಒಂದು ಕಡೆ ಸಡಿಲಿಸಿದ್ದಾರೆ, ಕೊಡ ಹೊತ್ತವರು ಓರೆಯಾಗಿ ನುಸುಳಬಹುದು. ಬಳೆಗೆ ಬಟ್ಟೆ ಸುತ್ತಿ ಬಂದವಳು ಆ ಮನೆಯಲ್ಲೇ ಇದ್ದಾಳೆ, ಸೌಖ್ಯವಾಗಿದ್ದಾಳೆ. ಮುಂದಿನ ಸಭೆಗೆ ಅವಳು ಹಗಲಿನಲ್ಲಿ, ಬಾಗಿಲಿನಿಂದಲೇ ಬರಲಿ ಎಂಬುದಷ್ಟೇ ಅನಸೂಯ ಅವರ ಆಸೆ.

ಅನಸೂಯ ಮನೆ ಮುಟ್ಟಿದಾಗ ಸುಧಾಕರ ಪಾಳಿಗೆ ಹೊರಟು ಶೂ ಕಟ್ಟುತ್ತಿದ್ದಾರೆ. ಹೆಂಡತಿ ಮತ ಹಾಕುವವಳಲ್ಲ ಎಂದು ಅವರಿಗೂ ಗೊತ್ತು.

"ಯಾರಾಕಿ? ನನ್ನ ಮುಂದರೆ ಹೇಳಬಾರದೇನು? ನಾ ಯಾರ ಮುಂದ ಆಡಾಂವ?"

ಅನಸೂಯ ಡಬ್ಬಿಗೆ ಮುಚ್ಚಳ ಹಾಕಿ ಕೈಗೆ ಕೊಡುತ್ತಾರೆ. ಬಸ್ಸಿನಲ್ಲಿ ಬರುವಾಗಲೇ ತೀರ್ಮಾನವಾಗಿದೆ: ಕಚೇರಿಗೆ ಇಲ್ಲ, ಪತ್ರಿಕೆಗೆ ಇಲ್ಲ, ಮಗಳಿಗೂ ಇಲ್ಲ.

"ನಿಮಗೂ ಇಲ್ರಿ" ಎನ್ನುತ್ತಾರೆ. "ಹೊತ್ತಾತು, ನಡೀರಿ."