ದಂಟಿಲ್ಲದ ಸೇವಂತಿಗೆ

ಮೊದಲೇ ಒಂದು ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ: ನನ್ನ ಸೇವಂತಿಗೆ ಗಿಡಗಳ ಮೇಲೆ ನನಗೆ ಸಿಟ್ಟಿತ್ತು. ಒಬ್ಬಳೇ ಇರುವ ಮನೆಯಲ್ಲಿ ಅಷ್ಟು ಹೂ ಯಾಕೆ ಬಿಡಬೇಕು? ಮುಂಜಾನೆ ಅಂಗೈಯ ಇಷ್ಟಲಿಂಗಕ್ಕೆ ಏರಿಸಲು ಒಂದು ಸಾಕು. ಉಳಿದವು ಗಿಡದಲ್ಲೇ ಬಾಡುತ್ತವೆ. ಯಜಮಾನರು ಹೋದ ಮೇಲೆ ನಾನು ಮುಡಿಯುವುದನ್ನು ಬಿಟ್ಟೆ. ಹಾಗೆ ಬಿಡಬೇಕೆಂದು ನಮ್ಮ ಶರಣರು ಎಲ್ಲಿಯೂ ಹೇಳಿದಂತಿಲ್ಲ. ಹೇಳಿದ್ದು ಅನಗೋಳದ ನಮ್ಮ ಓಣಿ. ಅದೂ ಬಾಯಿಬಿಟ್ಟು ಹೇಳಲಿಲ್ಲ, ಬರೀ ನೋಡಿತು. ಓಣಿಗೆ ಹೆದರಿದಷ್ಟು ನಾನು ಶರಣರಿಗೂ ಹೆದರಿದವಳಲ್ಲ.

ಖಾನಾಪುರದ ಬಾಜೂ ಹಳ್ಳಿಯಿಂದ ನಮ್ಮ ಓಣಿಗೆ ಕಾಯಿಪಲ್ಲೆ ತರುವ ರುಕ್ಮಾಬಾಯಿ, ತಮ್ಮೂರ ಶಾಲೆಯಲ್ಲಿ ಹೂ-ಕಾಯಿಪಲ್ಲೆಯ ಸ್ಪರ್ಧೆ ಇದೆ, ತನ್ನ ಮೂಲಂಗಿಯನ್ನೂ ಇಡುತ್ತೇನೆ, ನೀವೂ ಬರ್ರಿ ಎಂದಾಗ ಹಿಂದೆಮುಂದೆ ನೋಡದೆ ಹೂಂ ಎಂದೆ. ಬಹುಮಾನದ ಆಸೆಯಲ್ಲ. ನನ್ನ ಹೂವನ್ನು ಯಾರಾದರೂ ಒಮ್ಮೆ ನಿಂತು ನೋಡಿ, ಒಂದು ಮಾತು ಕೇಳಲಿ ಎಂಬ ಆಸೆ. ಇಡೀ ದಿನ ಗಿಡವನ್ನು ಬೈದದ್ದು ಬಿಟ್ಟರೆ ಬೇರೆ ಮಾತೇ ಆಡದವರಿಗೆ ಇದು ತಿಳಿದೀತು.

ನಿಯಮ ಬಿಗಿಯಾಗಿತ್ತು: ಒಂದೇ ಅಳತೆಯ ಮೂರು ಹೂ, ಗೇಣುದ್ದದ ದಂಟು, ದಂಟಿಗೆ ಎಲೆ. ತಿಂಗಳಿಡೀ ಸುತ್ತಲಿನ ಮೊಗ್ಗು ಚಿವುಟಿ ಗಿಡಕ್ಕೊಂದೇ ಉಳಿಸಿದೆ. ಇಬ್ಬನಿಗೆ ಎಸಳು ಕೊಳೆಯಬಾರದೆಂದು ಯಜಮಾನರ ಕೊಡೆಯನ್ನು ಕುಂಡಗಳ ಮೇಲೆ ಬಿಚ್ಚಿಟ್ಟೆ. ಚಹಾದ ಬಸಿ ಹಿಡಿದು ದಿನಾ ಹೂವಿನ ಅಗಲ ಅಳೆದೆ. ಸ್ಪರ್ಧೆಯ ದಿನ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಹಿತ್ತಲಿಗೆ ಹೋದೆ. ಕತ್ತರಿ ಸೊಂಟದಲ್ಲೇ ಇತ್ತು. ಕೈ ಮಾತ್ರ, ನಲವತ್ತು ವರ್ಷ ಪೂಜೆಗೆ ಕೊಯ್ದ ಹಾಗೆಯೇ, ಮೂರನ್ನೂ ಕೊರಳಿಗೇ ಉಗುರಿನಿಂದ ಚಿವುಟಿಬಿಟ್ಟಿತ್ತು. ಲಿಂಗಕ್ಕೆ ದಂಟು ಬೇಡವಲ್ಲ! ಅಲ್ಲೇ ಕುಳಿತು ಅತ್ತೆ. ಮೂರು ಹೂವಿಗೆ ಅಳುವ ವಯಸ್ಸೇ ಇದು ಎಂದು ನನ್ನನ್ನೇ ಬೈದುಕೊಂಡು, ಅವನ್ನು ಡಬ್ಬಿಗೆ ಹಾಕಿ ಬಸ್ಸು ಹತ್ತಿದೆ. ರುಕ್ಮಾಬಾಯಿ ದಾರಿ ಕಾಯುತ್ತಿದ್ದಳಲ್ಲ.

ಪರೀಕ್ಷಕರು ಡಬ್ಬಿಯೊಳಗೆ ಬಗ್ಗಿ ನೋಡಿ, ಬಣ್ಣವೇನೋ ಚಲೋ ಇದೆ, ಆದರೆ ದಂಟಿಲ್ಲದ್ದನ್ನು ಬಾಟಲಿಯಲ್ಲಿ ನಿಲ್ಲಿಸುವುದು ಹೇಗೆ ಎಂದು ಮುಂದೆ ಹೋದರು. ನನ್ನ ಹೆಸರಿನ ಚೀಟಿಯ ಹಿಂದೆ ಖಾಲಿ ಬಾಟಲಿ ನಿಂತಿತ್ತು.

ರುಕ್ಮಾಬಾಯಿಯ ಮೂಲಂಗಿಗೂ ಏನೂ ಬರಲಿಲ್ಲ. ಆಕೆ ನನ್ನ ಡಬ್ಬಿಯಿಂದ ಒಂದು ಹೂ ಎತ್ತಿಕೊಂಡು, ತನ್ನ ತಲೆಯ ಪಿನ್ನು ಬಿಚ್ಚಿದಳು.

“ಜರಾ ತಿರಗ್ರಿ, ಬಾಯಿ.”

“ನಾ ಮುಡಿಯೂದಿಲ್ಲವ್ವಾ.”

“ಯಾರ ಬ್ಯಾಡ ಅಂದಾರ?”

ಹೆಸರು ಹೇಳಲು ಬಾಯಿ ತೆರೆದೆ. ಒಂದೂ ಹೆಸರು ಹೊಳೆಯಲಿಲ್ಲ. ತಿರುಗಿ ನಿಂತೆ. ನನ್ನ ತಲೆಯನ್ನು ಇನ್ನೊಬ್ಬರು ಮುಟ್ಟಿ ಎಷ್ಟೋ ವರ್ಷವಾಗಿತ್ತು. ಪಿನ್ನು ಚುಚ್ಚಿತು, ಚುಚ್ಚಲಿ ಎಂದು ಸುಮ್ಮನಿದ್ದೆ.

ಅನಗೋಳದಲ್ಲಿ ಇಳಿದವಳು ಹತ್ತಿರದ ಸಂದಿ ಬಿಟ್ಟು, ಇಡೀ ಓಣಿ ಹಾಯ್ದು ಮನೆಗೆ ಹೊರಟೆ. ಕಟ್ಟೆಯ ಮೇಲಿದ್ದವರು ನೋಡಿದರು. ಒಬ್ಬಾಕೆ ಕೇಳಿಯೇಬಿಟ್ಟಳು: “ಹೂ ಎಲ್ಲೀದ್ರಿ?”

“ನಮ್ಮ ಮನೀದು,” ಅಂದೆ. ನಾಲ್ಕು ಹೆಜ್ಜೆ ನಡೆದು, ಯಾರೂ ಕೇಳದಿದ್ದರೂ, ತಿರುಗಿ ನಿಂತು ಇನ್ನೊಮ್ಮೆ ಹೇಳಿದೆ.